ಹುರುಳಿಗೆ ಎರಡು ಕೊಳವೆ

ಶನಿವಾರ ಸಂಜೆಯೊಳಗೆ ಲಕ್ಷ್ಮಿದೇವಮ್ಮನ ಕೊಳವೆ ಏನನ್ನೂ ತೋರಿಸದಿದ್ದರೆ ಅದರೊಳಗಿನ ಜೆಲ್ ಸೋಮವಾರ ಮೈಸೂರಿಗೆ ವಾಪಸು. ಈಶ್ವರಯ್ಯ ಮೇಷ್ಟ್ರು ಹಾಗೆಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ೧೯೬೪ರಲ್ಲಿ ಹಾಸನದ ಕಾಲೇಜಿಗೆ ಅಂಥ ವಿದೇಶಿ ಜೆಲ್ ಎರವಲು ಸಿಕ್ಕಿದ್ದೇ ದೊಡ್ಡದು, ಇನ್ನೊಮ್ಮೆ ಸಿಗುವುದು ಸುಳ್ಳು. ಡೆಮಾನ್‌ಸ್ಟ್ರೇಟರ್ ಕೆಲಸದ ಲಕ್ಷ್ಮಿದೇವಮ್ಮ ಮತ್ತೆ ಹುಡುಗರ ಬ್ಯೂರೆಟ್ಟು ತೊಳೆಸುತ್ತಾ ಕೂರಬೇಕು.

ಪ್ರಯೋಗಾಲಯದಲ್ಲಿ ಎರಡು ಗಾಜಿನ ಕೊಳವೆ ಅಕ್ಕಪಕ್ಕ ನಿಂತಿದ್ದವು. ಹುರುಳಿಯ ಸಾರದಲ್ಲಿರುವ ನೂರೆಂಟು ಪ್ರೋಟೀನುಗಳಲ್ಲಿ ರಕ್ತವನ್ನು ಗಂಟುಕಟ್ಟಿಸುವ ಒಂದನ್ನು ಬೇರೆ ಮಾಡುವುದು ಎರಡರ ಕೆಲಸ. ಮೇಷ್ಟ್ರ ಕೊಳವೆ ವಿದ್ಯುದಂಶ ನೋಡಿ ಪ್ರೋಟೀನುಗಳನ್ನು ಹಿಡಿದಿಟ್ಟುಕೊಂಡು, ನೀರಿಗೆ ಉಪ್ಪು ಹೆಚ್ಚಿಸಿದಂತೆ ಒಂದೊಂದನ್ನೇ ಬಿಡುತ್ತಿತ್ತು. ಲಕ್ಷ್ಮಿದೇವಮ್ಮನದು ಗಾತ್ರ ನೋಡುವ ಕೊಳವೆ: ಸಣ್ಣವು ಜೆಲ್ಲಿನ ಕಾಳುಗಳ ತೂತಿಗೆ ಹೊಕ್ಕು ತಡಮಾಡುತ್ತವೆ, ದೊಡ್ಡವು ಎಲ್ಲೂ ನಿಲ್ಲದೆ ಮೊದಲೇ ಇಳಿಯುತ್ತವೆ. ಮೇಷ್ಟ್ರದು ಹೋದ ತಿಂಗಳೇ ಗೆದ್ದಿತ್ತು. ಇವಳದು ಮೂರು ಸಲವೂ ಸೋತಿತ್ತು.

"ಹುರುಳಿಯಲ್ಲೇ ಏನೋ ಆಗಿದೆ ಸಾರ್," ಅಂದಳು ಶನಿವಾರ ಬೆಳಿಗ್ಗೆ.

"ಕುಣಿಯಲಾರದವಳಿಗೆ ನೆಲ ಡೊಂಕು," ಅಂದರು ಮೇಷ್ಟ್ರು, ತಲೆಯನ್ನೂ ಎತ್ತದೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರು ತಂದಿದ್ದು ಅಂಗಡಿಯ ಹುರುಳಿ. ಇವಳು ದಂಡಿಗನಹಳ್ಳಿಯ ಸ್ವಂತ ಹೊಲದ ಹುರುಳಿಹಿಟ್ಟನ್ನೇ ತರಿಸಿದ್ದಳು, ಅದಕ್ಕಿಂತ ಒಳ್ಳೆಯದು ಲೋಕದಲ್ಲೇ ಇಲ್ಲವೆಂಬ ಹೆಮ್ಮೆಯಿಂದ.

ಅಷ್ಟರಲ್ಲಿ ಅವಳವ್ವ ಕಲ್ಲಮ್ಮ ಬಸ್ಸಿಳಿದು, ಇನ್ನೊಂದು ಗಂಟು ಹಿಟ್ಟು ಹೊತ್ತು ಬಾಗಿಲಿಗೆ ಬಂದಳು.

"ತಕಾ ಮಗಾ. ಈ ಸಲ ಗಮ್ಮನ್ನಂಗೆ ಉರ್ದು ಬೀಸಿವ್ನಿ."

"ಹುರಿದ್ಯಾ?"

"ಉರೀದೆ ಮತ್ತೆ? ಅಸಿ ಉಳ್ಳಿ ಯಾರಾನಾ ಬೀಸ್ತಾರಾ? ಒಟ್ಟೆ ಉಬ್ಬರ್ಸ್ತದೆ ಕಣವ್ವ."

ಲಕ್ಷ್ಮಿದೇವಮ್ಮ ಗಂಟಿಗೆ ಮೂಗಿಟ್ಟಳು. ಹುಟ್ಟಿದಾಗಿನಿಂದ ಹುರುಳಿಹಿಟ್ಟಿನ ವಾಸನೆಯೆಂದರೆ ಇದೇ ಎಂದುಕೊಂಡಿದ್ದಳು! ಬಾಣಲೆಯ ಕಾವಿಗೆ ಪ್ರೋಟೀನು ಮನೆಯಲ್ಲೇ ಕೆಟ್ಟಿದ್ದರೆ ಕೊಳವೆ ತಾನೇ ಏನು ಮಾಡೀತು? ಬಿ.ಎಸ್ಸಿ. ಓದಿಯೂ ಒಂದು ಮಾತು ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಅದರ ಹತ್ತರಷ್ಟು ಖುಷಿಯಾಯಿತು. ರಾಮಣ್ಣನ ಅಂಗಡಿಗೆ ಓಡಿ ಹಸಿ ಹುರುಳಿ ತಂದಳು. ಕಲ್ಲಮ್ಮ ಸೆರಗು ಸಿಕ್ಕಿಸಿ ಪ್ರಯೋಗಾಲಯದ ಒರಳಿನಲ್ಲೇ ಕುಟ್ಟಿದಳು. ಲಕ್ಷ್ಮಿದೇವಮ್ಮ ಅದನ್ನು ನೀರಿಗೆ ಕಲಸಿ ಸೋಸಿದಳು.

"ಒಂದೇ ಸಾರ ಸಾರ್. ನಿಮ್ಮದಕ್ಕೆ ಒಂದು ಚಮಚ, ನನ್ನದಕ್ಕೆ ಒಂದು ಚಮಚ. ಇಲ್ಲದಿದ್ದರೆ ಹೋಲಿಸಿದ್ದು ನ್ಯಾಯವಲ್ಲ."

ಮೇಷ್ಟ್ರು ಈಗ ತಲೆ ಎತ್ತಿದರು. "ಹೂಂ, ಹಾಕಿ."

ಮಧ್ಯಾಹ್ನವಿಡೀ ಎರಡೂ ಕೊಳವೆ ಕೆಳಗೆ ಸಾಲಾಗಿಟ್ಟ ಪುಟ್ಟ ನಳಿಕೆಗಳಿಗೆ ತೊಟ್ಟಿಕ್ಕಿದವು. ಊಟದ ನೆನಪು ಯಾರಿಗೂ ಆಗಲಿಲ್ಲ. ಹುರುಳಿ ಗಂಟುಕಟ್ಟಿಸುವುದು ಎ ಗುಂಪಿನ ರಕ್ತವನ್ನಷ್ಟೇ, ಪರೀಕ್ಷೆಗೆ ಅದೇ ಬೇಕು. ಅಲ್ಲಿ ಆ ಗುಂಪಿನವರು ಮೇಷ್ಟ್ರೊಬ್ಬರೇ, ಮುಖ ಕಿವುಚಿಕೊಂಡು ಬೆರಳು ಚಾಚಿದರು. ಅವರ ಏಳನೇ ನಳಿಕೆ ಗಂಟುಕಟ್ಟಿಸಿತು, ಆದರೆ ಅದರಲ್ಲಿದ್ದದ್ದು ಚಹಾದ ಬಣ್ಣದ ಕಲಬೆರಕೆ. ಲಕ್ಷ್ಮಿದೇವಮ್ಮನ ಮೂರನೇ ನಳಿಕೆ ತಿಳಿನೀರಿನಂತಿತ್ತು. ಒಂದು ಹನಿ ತೆಗೆದು ರಕ್ತಕ್ಕೆ ಬೆರೆಸಿ ಗಾಜಿನ ಬಿಲ್ಲೆಯನ್ನು ಮೆಲ್ಲಗೆ ಓಲಾಡಿಸಿದಳು.

"ಅಯ್ಯೋ ಮಗಾ, ಒಡ್ದೋದ ಆಲಂಗಾಯ್ತಲ್ಲಾ!" ಎಂದು ಕೂಗಿದವಳು ಕಲ್ಲಮ್ಮ.

ಲಕ್ಷ್ಮಿದೇವಮ್ಮ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದಳು. ಮೇಷ್ಟ್ರು ಅಷ್ಟು ಸುಲಭಕ್ಕೆ ಸೋಲುವವರಲ್ಲ.

"ನಿಮ್ಮದು ಕುಡಿಯೋದು ಒಂದು ಚಮಚ. ನನ್ನದಕ್ಕೆ ಚೊಂಬುಗಟ್ಟಲೆ ಸುರೀಬಹುದು."

"ನಿಜ ಸಾರ್," ಎಂದಳು. ನಿಜವೇ ಆಗಿತ್ತು.

ಈಶ್ವರಯ್ಯ ಎರಡು ನಳಿಕೆಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ತಮ್ಮ ಸಾಮಾನು ಯಾರೂ ಮುಟ್ಟಕೂಡದು ಎನ್ನುತ್ತಿದ್ದ ಮನುಷ್ಯ, ತಮ್ಮ ಏಳನೇ ನಳಿಕೆಯನ್ನು ಅವಳ ಮುಂದೆ ಚಾಚಿದರು.

"ತಗೊಳ್ಳಿ, ಇದನ್ನೂ ನಿಮ್ಮ ಕೊಳವೆಗೆ ಹಾಕಿ. ನನ್ನದು ಹಿಡಿದುಕೊಡಲಿ, ನಿಮ್ಮದು ಸೋಸಲಿ."

ಲಕ್ಷ್ಮಿದೇವಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಒಂದು ಹನಿಯೂ ಚೆಲ್ಲದೆ ತನ್ನ ಕೊಳವೆಗೆ ಸುರಿದಳು.