ಒಂದೇ ರಕ್ತ, ಬೇರೆ ಚಹಾ

ಬೊರೂಬಾಯ್ ತನ್ನ ಸಾವಿನ ಊಟಕ್ಕೆಂದು ತಾನೇ ಒಂದು ಹೆಣ್ಣುಕುದುರೆಯನ್ನು ಕೊಬ್ಬಿಸುತ್ತಿದ್ದಾನೆ ಎಂಬ ಸುದ್ದಿ ಆತ್‌-ಬಾಶಿ ಎಂಬ ಕುದುರೆ ಸಾಕುವವರ ಕಣಿವೆಯಲ್ಲಿ ಯಾರನ್ನೂ ಅಷ್ಟಾಗಿ ಬೆಚ್ಚಿಬೀಳಿಸಲಿಲ್ಲ. ಸತ್ತವರ ಮನೆಯಲ್ಲಿ ಕುದುರೆ ಕಡಿಯದಿದ್ದರೆ ಊರು ಆಡಿಕೊಳ್ಳುತ್ತದೆ. ಕಡಿದ ಕುದುರೆ ಬಡಕಲಾಗಿದ್ದರೆ ಇನ್ನೂ ಹೆಚ್ಚು ಆಡಿಕೊಳ್ಳುತ್ತದೆ. ಮುಂದಾಲೋಚನೆಯುಳ್ಳ ಗಂಡಸು ಎಂದು ಕೆಲವರು ಮೆಚ್ಚಿಕೊಂಡರು. ಮೆಚ್ಚದವಳು ಅವನ ಹೆಂಡತಿ ಉಮ್ಸುನಾಯ್ ಒಬ್ಬಳೇ.

ಬೊರೂಬಾಯ್‌ಗೆ ಐವತ್ತೈದು ತುಂಬಲು ಒಂದು ಚಳಿಗಾಲ ಬಾಕಿಯಿತ್ತು. ಆ ಕಡೆಯ ಎಲ್ಲ ಗಂಡುಮಕ್ಕಳಂತೆ ಅವನೂ ತನ್ನ ಏಳು ತಲೆಮಾರಿನ ತಂದೆಯರ ಹೆಸರನ್ನು ಮಾತು ಬಂದಾಗಲೇ ಕಂಠಪಾಠ ಮಾಡಿದ್ದ. ಈಚೆಗೆ ಪ್ರತಿ ಹೆಸರಿನ ಜೊತೆ ಅವರು ಸತ್ತ ವಯಸ್ಸನ್ನೂ ಸೇರಿಸಿ ಹೇಳುವ ಚಟ ಹತ್ತಿತ್ತು. ಒಬ್ಬರೂ ಐವತ್ತೈದು ದಾಟಿರಲಿಲ್ಲ. ಬೆಳಿಗ್ಗೆ ಎದ್ದರೆ ಅವನಿಗೆ ತಲೆ ಸಿಡಿಯುತ್ತಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಲ್ಲುವುದನ್ನು ಉಮ್ಸುನಾಯ್ ನೋಡಿಯೂ ನೋಡದವಳಂತೆ ನೋಡುತ್ತಿದ್ದಳು.

"ಉಮ್ಸುನಾಯ್, ನಾನು ಸತ್ಮೇಲೆ ಹಾಡ್ಕೊಂಡು ಅಳ್ತೀಯಲ್ಲ, ಅದರಲ್ಲಿ ನನ್ನನ್ನ ಏನಂತ ಹೊಗಳ್ತೀಯ? ಒಂದ್ಸಲ ಈಗ್ಲೇ ಹಾಡು, ಕೇಳ್ತೀನಿ."

"ಬದುಕಿರೋರಿಗೆ ಯಾರಾದ್ರೂ ಶೋಕದ ಹಾಡು ಹಾಡ್ತಾರೇನ್ರೀ?"

"ಆಮೇಲೆ ನಂಗೆ ಕೇಳ್ಸಲ್ವಲ್ಲೇ."

"ಕೇಳ್ಸದೇ ಇರೋದೇ ವಾಸಿ. ಹೊಗಳೋಕೆ ಏನಿದೆ ಅಂತ ನಾನಿನ್ನೂ ಹುಡುಕ್ತಾ ಇದೀನಿ."

ಹೀಗೆಂದು ಹಿತ್ತಲಿಗೆ ಹೋದವಳು ಬೆರಣಿ ಒಟ್ಟುವ ನೆಪದಲ್ಲಿ ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಊರಿನ ಚಿಕಿತ್ಸಾಲಯ ನೋಡಿಕೊಳ್ಳುವ ಜಿಪಾರ್ ಆ ಊರಿನ ಸೊಸೆ. ಬೊರೂಬಾಯ್‌ನನ್ನು ಮಾವ ಎಂದೇ ಕರೆಯುತ್ತಿದ್ದಳು, ಮಾವನನ್ನು ಬೈಯುವಷ್ಟು ಸಲಿಗೆಯನ್ನೂ ಗಳಿಸಿಕೊಂಡಿದ್ದಳು. ಉಮ್ಸುನಾಯ್ ಹೇಳಿಕಳಿಸಿದ ಮೇಲೆ ಬಿಪಿ ಮಿಷನ್ ಹಿಡಿದು ಬಂದಳು. ಬೊರೂಬಾಯ್ ತೋಳು ಕೊಡಲಿಲ್ಲ.

"ರಕ್ತದಲ್ಲಿ ಬಂದದ್ದಕ್ಕೆ ಮದ್ದೇನು ಸೊಸೆ? ನಮ್ಮಪ್ಪ ಕುದುರೆ ಮೇಲಿಂದ ಜಾರಿ ಬಿದ್ದ, ಮಾತು ನಿಂತುಹೋಯ್ತು, ಮೂರನೇ ದಿನ ಹೋದ. ತಾತನೂ ಹಂಗೇ. ಮುತ್ತಾತನೂ ಐವತ್ತು ದಾಟ್ಲಿಲ್ಲ."

"ಮುತ್ತಾತ ಏನಾಗಿ ಹೋದ್ರು ಮಾವ?"

"ಹಿಮ ಕುಸಿದು."

"ಅವರಪ್ಪ?"

"ಗಡಿ ದಾಟಿ ಓಡುವಾಗ, ಹಸಿವಿಂದ."

"ಹಿಮ ಕುಸಿದದ್ದೂ ರಕ್ತದ ದೋಷಾನಾ?"

ಬೊರೂಬಾಯ್ ಚಹಾ ಬಟ್ಟಲು ಎತ್ತಿಕೊಂಡ. ಹಾಲು, ಉಪ್ಪು ಹಾಕಿ ಕುದಿಸಿದ ಚಹಾ. ಮೇಲೆ ಕುರಿಯ ಬಾಲದ ಕೊಬ್ಬು ತೇಲುತ್ತಿತ್ತು. ರುಚಿ ನೋಡುವ ಮೊದಲೇ ಇನ್ನೊಂದು ಚಿಟಿಕೆ ಉಪ್ಪು ಉದುರಿಸಿದ. ಅವನ ಅಪ್ಪನೂ ಹಾಗೇ ಉದುರಿಸುತ್ತಿದ್ದ. ಅದನ್ನು ಮಾತ್ರ ಯಾರೂ ವಂಶಾವಳಿಯಲ್ಲಿ ಸೇರಿಸಿರಲಿಲ್ಲ.

ಜಿಪಾರ್ ಹೋದ ಮೇಲೆ ಉಮ್ಸುನಾಯ್ ಯೋಚಿಸಿದಳು. ಗಂಡನಿಗೆ ಹೆಂಡತಿಯ ಮಾತು ಹಿಡಿಸುವುದಿಲ್ಲ, ಸೊಸೆಯ ಮಾತು ನಾಟುವುದಿಲ್ಲ. ಅವನ ಮುಖವನ್ನೇ ಹೊತ್ತವನ ಮಾತಾದರೆ? ದೂರದ ಸರೋವರವೊಂದರ ದಂಡೆಯಲ್ಲಿದ್ದ ಮೈದುನ ಕಲ್ಮಾತ್‌ಗೆ ಫೋನ್ ಮಾಡಿದಳು. "ನಿಮ್ಮಣ್ಣ ಕುದುರೆ ಕೊಬ್ಬಿಸ್ತಾ ಇದಾರೆ" ಎಂದಷ್ಟೇ ಹೇಳಿದಳು. ಅತ್ತ ಕಡೆಯಿಂದ ಬಂದ ಉತ್ತರವೂ ಅಷ್ಟೇ ಚಿಕ್ಕದು: "ಬರ್ತೀನಿ ಅತ್ತಿಗೆ."

ಕಲ್ಮಾತ್ ಮತ್ತು ಬೊರೂಬಾಯ್ ಅವಳಿಗಳು, ಅಕ್ಕಪಕ್ಕ ಮಲಗಿಸಿದರೆ ಹೆತ್ತವಳೂ ತಡವರಿಸುವಂಥ ಅವಳಿಗಳು. ಹಾಲು ಬಿಡುವ ಮೊದಲೇ ಕಲ್ಮಾತ್‌ನನ್ನು ತಾಯಿಯ ಮಕ್ಕಳಿಲ್ಲದ ಅಕ್ಕನ ಮನೆಗೆ ಕೊಟ್ಟಿದ್ದರು. ಅಲ್ಲಿ ಅದು ದಾನವಲ್ಲ, ನೆಂಟಸ್ತಿಕೆ. ಬೆಳೆದ ಮನೆಯ ಏಳು ತಂದೆಯರನ್ನೇ ಕಲ್ಮಾತ್ ಕಂಠಪಾಠ ಮಾಡಿದ್ದ. ಆ ತಂದೆಯರು ಎಂಬತ್ತು ದಾಟದೆ ಕಣ್ಣು ಮುಚ್ಚಿದವರಲ್ಲ.

ಕಲ್ಮಾತ್ ಬಂದ. ಇಬ್ಬರೂ ಕಂಬಳಿಯ ಮೇಲೆ ಎದುರುಬದುರು ಕೂತರು. ಅದೇ ಮೂಗು, ಅದೇ ನಗು. ವಾದಕ್ಕಿಳಿದರೆ ಎಡಗಿವಿಯ ಹಾಲೆಯನ್ನು ಜಗ್ಗಿಕೊಳ್ಳುವ ಅದೇ ಅಭ್ಯಾಸ. ಒಟ್ಟಿಗೆ ಬೆಳೆಯದಿದ್ದರೂ ಇದನ್ನು ಯಾರು ಯಾರಿಂದ ಕಲಿತರೋ ದೇವರಿಗೇ ಗೊತ್ತು. ಆದರೂ ಉಮ್ಸುನಾಯ್‌ಳ ಕಣ್ಣಿಗೆ ಬೊರೂಬಾಯ್ ತನ್ನ ತಮ್ಮನ ದೊಡ್ಡಪ್ಪನಂತೆ ಕಾಣುತ್ತಿದ್ದ.

ಕಲ್ಮಾತ್ ಚಹಾ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. "ಅತ್ತಿಗೆ, ಇದು ಚಹಾನೋ, ಚರ್ಮ ಹದ ಮಾಡೋ ನೀರೋ?"

"ನಿಮ್ಮಣ್ಣಂಗೆ ಇನ್ನೂ ಸಪ್ಪೆ ಅಂತೆ."

"ನಿಂಗೇನಪ್ಪ" ಎಂದ ಬೊರೂಬಾಯ್. "ಬೇರೆಯವರ ತಂದೆಯರನ್ನ ಇಟ್ಕೊಂಡು ಅವರ ಆಯಸ್ಸನ್ನೂ ತಿಂತಾ ಇದೀಯ. ನನ್ನ ಪಾಲಿಗೆ ಬಂದಿರೋದು ನಮ್ಮಪ್ಪ."

ಅಷ್ಟರಲ್ಲಿ ಜಿಪಾರ್ ಬಿಪಿ ಮಿಷನ್ ಹಿಡಿದು ಒಳಗೆ ಬಂದಿದ್ದಳು. ಕಲ್ಮಾತ್ ತೋಳು ಚಾಚಿದ, ಇನ್ನೊಂದು ಕೈಯಿಂದ ಅಂಗಿಯ ಜೇಬಿನೊಳಗಿದ್ದ ಮಾತ್ರೆ ತೆಗೆದು ಕಂಬಳಿಯ ಮೇಲಿಟ್ಟ.

"ಏನದು?"

"ಬಿಪಿ ಮಾತ್ರೆ. ನಂಗೂ ಇದೆ."

ಬೊರೂಬಾಯ್ ಕಿವಿ ಜಗ್ಗುವುದನ್ನು ಅರ್ಧಕ್ಕೇ ನಿಲ್ಲಿಸಿದ.

"ಹತ್ತು ವರ್ಷ ಆಯ್ತು. ಡಾಕ್ಟರು, ನಿಮ್ಮ ಮನೇಲಿ ಯಾರಿಗಿತ್ತು ಅಂತ ಕೇಳಿದ್ರು. ನಾನು ನಮ್ಮ ಏಳು ತಂದೆಯರನ್ನ ಪಟಪಟ ಅಂತ ಒಪ್ಪಿಸ್ದೆ, ಎಲ್ಲಾ ಗಟ್ಟಿಮುಟ್ಟು. ಅವರಿಗೆ ತಲೆ ಕೆಟ್ಟುಹೋಯ್ತು. ಕೊನೆಗೆ ಹೆತ್ತಪ್ಪನ ವಿಷಯ ಹೇಳ್ದೆ. 'ಅದನ್ನ ಮೊದ್ಲೇ ಹೇಳೋಕೆ ಏನು ರೋಗ ನಿಂಗೆ' ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ನೀನು ಆವಾಗ ಕುದುರೆ ಓಟದ ವಿಷಯ ಮಾತಾಡ್ತಿದ್ದೆ."

ಜಿಪಾರ್ ಬೊರೂಬಾಯ್‌ನ ಪಕ್ಕ ಕೂತಳು. ನಾಲಿಗೆಯಡಿಯ ಹೊಗೆಸೊಪ್ಪನ್ನು ಉಗುಳಿಸಿದಳು. ಚಹಾ, ಹೊಗೆಸೊಪ್ಪು ಆದ ಕೂಡಲೇ ನೋಡಿದರೆ ಲೆಕ್ಕ ತಪ್ಪುತ್ತದೆ ಎಂದು ಅರ್ಧ ಗಂಟೆ ಸುಮ್ಮನೆ ಕೂರಿಸಿದಳು. ಅಷ್ಟು ಹೊತ್ತು ಅವನು ಸುಮ್ಮನಿದ್ದುದನ್ನು ಉಮ್ಸುನಾಯ್ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಆಮೇಲೆ ಇಬ್ಬರ ತೋಳಿಗೂ ಪಟ್ಟಿ ಕಟ್ಟಿದಳು, ಸ್ವಲ್ಪ ಬಿಟ್ಟು ಇನ್ನೊಮ್ಮೆ ಕಟ್ಟಿದಳು. ಕಲ್ಮಾತ್‌ನದು ನೂರಮೂವತ್ತರ ಒಳಗಿತ್ತು. ಬೊರೂಬಾಯ್‌ದು ಎರಡು ಸಲವೂ ನೂರೆಂಬತ್ತರ ಹತ್ತಿರ.

"ಮಾವ, ಚಿಕ್ಕಮಾವ ಆ ಮನೆಯಿಂದ ತಂದಿದ್ದು ಹೆಸರು. ರಕ್ತ ಅಲ್ಲ. ರಕ್ತ ನಿಮ್ಮದೇ. ಅದಕ್ಕೇ ಅವರಿಗೂ ಬಿಪಿ ಬಂತು. ಆದರೆ ಅವರು ಉಪ್ಪು ಕಮ್ಮಿ ತಿಂದ್ರು, ಹೊಗೆಸೊಪ್ಪು ಮುಟ್ಲಿಲ್ಲ, ದಂಡೆ ಮೇಲೆ ನಡೆದ್ರು, ಮಾತ್ರೆ ಬಿಡ್ಲಿಲ್ಲ. ಒಂದೇ ತಳಿಯ ಎರಡು ಮರಿ. ಮೇವು, ಆರೈಕೆ ಬೇರೆಯಾದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಕೊಡಬೇಕಾ? ಕುದುರೆ ವಿಷಯದಲ್ಲಿ ಊರಿಗೆಲ್ಲ ಹೇಳ್ಕೊಡೋರು ನೀವು."

"ಕುದುರೆ ಬೇರೆ, ಮನುಷ್ಯ ಬೇರೆ" ಎಂದ ಬೊರೂಬಾಯ್. ಆದರೆ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

ಕುರಿಗಳನ್ನು ದೊಡ್ಡಿಗೆ ಕೂಡಿ ಮಗ ಎರ್ಮೆಕ್ ಆಗ ಒಳಗೆ ಬಂದ. ಮೂವತ್ತರ ಆಳು, ಒಂದು ಮಗುವಿನ ತಂದೆ. ಜಿಪಾರ್ ಪಟ್ಟಿ ಬಿಚ್ಚುತ್ತಿದ್ದುದನ್ನು ಕಂಡು, "ಏನು, ಎಲ್ರಿಗೂ ಬಿಪಿ ನೋಡ್ತಿದೀರಾ? ನಂಗೂ ನೋಡಿ ಜಿಪಾರ್ ಅತ್ತಿಗೆ" ಎಂದು ನಗುತ್ತ ತೋಳು ಮಡಚಿದ. ಜಿಪಾರ್ ಅವನನ್ನೂ ದಣಿವಾರುವವರೆಗೆ ಕೂರಿಸಿ ಆಮೇಲೆ ನೋಡಿದಳು. ನೋಡಿ ನಗಲಿಲ್ಲ. ಇನ್ನೊಮ್ಮೆ ನೋಡಿದಳು.

"ನೂರೈವತ್ತು."

"ಮಿಷನ್ ಕೆಟ್ಟಿದೆ" ಎಂದ ಬೊರೂಬಾಯ್. ಎರ್ಮೆಕ್ ಅಪ್ಪನ ಬಟ್ಟಲಿನಿಂದಲೇ ಒಂದು ಗುಟುಕು ಕುಡಿದ, ಉಪ್ಪಿನ ಡಬ್ಬಿಗೆ ಕೈ ಚಾಚಿದ.

ಉಮ್ಸುನಾಯ್ ಆ ಕೈಯನ್ನು ಹಿಡಿದುಕೊಂಡಳು. ಗಂಡನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ರೀ, ಇವನಿಗೂ ಒಂದು ಕುದುರೆ ಕೊಬ್ಬಿಸ್ಲಾ?"

ಬೊರೂಬಾಯ್ ತಲೆ ತಗ್ಗಿಸಿದ. ತಾನು ಸಾಯುವುದನ್ನು ಅವನು ಎಷ್ಟೋ ಸಲ ಲೆಕ್ಕ ಹಾಕಿದ್ದ, ಒಂದಿಷ್ಟು ಹೆಮ್ಮೆಯಿಂದಲೇ. ಆ ಲೆಕ್ಕ ತನ್ನಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದ. ಕೊನೆಗೆ ಕಲ್ಮಾತ್‌ನ ಮಾತ್ರೆಗೆ ಕೈಹಾಕಿದ.

ಜಿಪಾರ್ ಅವನ ಕೈಮೇಲೆ ಪಟ್ಟನೆ ಹೊಡೆದಳು. "ಅವರ ಮಾತ್ರೆ ಅವರಿಗೆ ಮಾವ! ನಿಮಗೆ ಯಾವುದು, ಎಷ್ಟು ಅಂತ ಡಾಕ್ಟರು ಹೇಳ್ಬೇಕು."

"ಹಾಗಾದ್ರೆ ನಾಳೆ ಬೆಳಿಗ್ಗೆನೇ ಹೋಗೋಣ" ಎಂದ ಬೊರೂಬಾಯ್. "ಎರ್ಮೆಕ್, ನೀನೂ ಬಾ. ನಿನ್ನ ಮುಂದೆನೇ ನುಂಗ್ತೀನಿ."

ಹೋದರು. ಅಪ್ಪನಿಗೆ ಮಾತ್ರೆ ಬಂತು. ಮಗನಿಗೆ, ಸದ್ಯಕ್ಕೆ ಉಪ್ಪು ಕಡಿಮೆ ಮಾಡು, ಕುದುರೆ ಇಳಿದು ನಡೆ, ತಿಂಗಳಿಗೊಮ್ಮೆ ತೋರಿಸು ಎಂದರು. ಉಪ್ಪಿಲ್ಲದ ಚಹಾವನ್ನು ಬೊರೂಬಾಯ್ ಮೊದಲ ವಾರ ಕಾಲು ತೊಳೆದ ನೀರು ಎಂದ, ಎರಡನೇ ವಾರ ಏನೂ ಅನ್ನಲಿಲ್ಲ. ಹೊಗೆಸೊಪ್ಪು ಬಿಡಲು ಮಾತ್ರ ಮನೆಯವರಿಗೆಲ್ಲ ಸಾಕುಸಾಕು ಮಾಡಿದ. ವಸಂತದಲ್ಲಿ ಬಿಪಿ ಇಳಿಯಿತು. ಇನ್ನೇಕೆ ಮಾತ್ರೆ ಎಂದು ನಿಲ್ಲಿಸಹೊರಟವನಿಗೆ ಜಿಪಾರ್‌ಳಿಂದ ಸರಿಯಾಗಿ ಬೈಗುಳ ಬಿತ್ತು. ಇಳಿದದ್ದೇ ಮಾತ್ರೆಯಿಂದ. ಈಗ ಅವನಿಗೆ ಐವತ್ತಾರು, ಆ ಹೆಣ್ಣುಕುದುರೆ ಇನ್ನೂ ಮೇಯುತ್ತಲೇ ಇದೆ. ತಲೆ ಸಿಡಿಯುವುದು ನಿಂತಿದೆ, ಜಗಳ ನಿಂತಿಲ್ಲ. ಅದು ರಕ್ತದಲ್ಲೇ ಬಂದದ್ದು, ಇರಲಿ ಎನ್ನುತ್ತಾಳೆ ಉಮ್ಸುನಾಯ್.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹಿರಿಯರ ಹೆಸರು ನಿಮಗೂ ಗೊತ್ತಿರಬಹುದು. ಅವರು ಏನಾಗಿ ಹೋದರು ಎಂಬುದನ್ನೂ ಮನೆಯ ದೊಡ್ಡವರನ್ನು ಕೇಳಿ ತಿಳಿದುಕೊಳ್ಳಿ, ಡಾಕ್ಟರಿಗೂ ಹೇಳಿ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ರಕ್ತದ ಜೊತೆ ಬರಬಹುದು. ಬಂದರೂ, ಅವು ಎಷ್ಟು ಕಾಡುತ್ತವೆ ಎಂಬುದರಲ್ಲಿ ನಿಮ್ಮ ಉಪ್ಪು, ನಿಮ್ಮ ತಂಬಾಕು, ನಿಮ್ಮ ನಡಿಗೆ, ನಿಮ್ಮ ಮಾತ್ರೆಗೆ ದೊಡ್ಡ ಪಾಲಿದೆ. ತಲೆನೋವು ಬರಲಿ ಎಂದು ಕಾಯಬೇಡಿ. ಎಷ್ಟೋ ಜನರಿಗೆ ಬಿಪಿ ಯಾವ ಸುಳಿವನ್ನೂ ಕೊಡುವುದಿಲ್ಲ. ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಬ್ಬರೇ ಹೋಗಬೇಡಿ, ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮೊದಲು ನೀವು ತೋಳು ಚಾಚಿ. ಅವರು ನೋಡಲಿ.