ಉಳಿದ ಅರ್ಧ ಹೆಸರು

ಮಿಣುಕಿತು, ಆರಿತು, ಮತ್ತೆ ಮಿಣುಕಿತು, ಪರದೆಯ ಬಿಳುಪಿನ ಮೇಲೆ ಕೂದಲೆಳೆಯಂಥ ನಿಂತ ಗೆರೆ, ಅಕ್ಷರಕ್ಕೆ ಕಾಯುವ ಗೆರೆ, ನನ್ನ ಎದೆಗಿಂತ ನಿಧಾನ, ಎದೆ ಇಂದು ಓಡುತ್ತಿದೆ, ಅರವತ್ತೆರಡರ ಎದೆ ಹೀಗೆ ಓಡಬಾರದು, ಓಡಲಿ ಬಿಡು, ನೌಕರಿಗೆ ಸೇರಿ ಇಂದಿಗೆ ಒಂದು ವರ್ಷ, ನಾನು ಬರೆದ ಪ್ರೋಗ್ರಾಮು ಇಂದು ಹನ್ನೊಂದು ಗಂಟೆಗೆ ಕುಕನೂರಿನ ಈ ದವಾಖಾನೆಯಲ್ಲಿ ಕೆಲಸಕ್ಕೆ ನಿಲ್ಲುತ್ತದೆ, ಆಂಜನೇಯಾ, ಹೋದ ವರ್ಷ ಇದೇ ಹೊತ್ತಿಗೆ ಕೊಪ್ಪಳದ ಬಟ್ಟೆಯಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಮೊದಲ ಸಲ ಕಾಲಿಟ್ಟಿದ್ದೆ, ಅಂಗಡಿಯ ಇಬ್ರಾಹಿಂಸಾಬ, ಸೀರಿ ಇಲ್ಲೇ ಅದಾವ್ರಿ ಅಮ್ಮಾರ, ಮ್ಯಾಲ ಬರೇ ಕಂಪ್ಯೂಟರಿನ ಹುಡುಗರು— ನಾನೂ ಅಲ್ಲೇ ಕೆಲಸಕ್ಕ ಬಂದೀನಪ್ಪ— ಅವರ ಕೈಯ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು, ಈಗ ದಿನಾ ಬೆಳಿಗ್ಗೆ ಇಂಜಿನಿಯರ್ ಅಮ್ಮಾರು ಬಂದ್ರು, ದಾರಿ ಬಿಡ್ರೋ ಎನ್ನುತ್ತಾರೆ, ಚೇಷ್ಟೆಯೋ ಗೌರವವೋ, ಎರಡೂ ಇರಲಿ, ಅದನ್ನು ಕೇಳಲೆಂದೇ ನಾನು ಒಂದು ಬಸ್ಸು ಮುಂಚೆ ಹೊರಡುತ್ತೇನೆ ಎಂದು ಯಾರಿಗೆ ಹೇಳಲಿ. ಮೇಜಿನ ಕೆಳಗೆ ಮೇಘಾಳ ಜಡೆ ಕಾಣುತ್ತಿದೆ, ವಯರು ಹುಡುಕುತ್ತಿದ್ದಾಳೆ, ಒಂದ್ ನಿಮಿಷ ತಡೀರಿ ಅಕ್ಕೋರ, ಮೈಕ್ ಹಚ್ಚಿದ್ರ ಮುಗೀತು, ಇಪ್ಪತ್ತಮೂರರ ಹುಡುಗಿ, ಆಫೀಸಿನಲ್ಲಿ ಪಕ್ಕದ ಕುರ್ಚಿ, ನನ್ನ ಗುರು, ನೌಕರಿಯಲ್ಲಿ ನನ್ನ ಮೊದಲ ಪ್ರೋಗ್ರಾಮಿಗೆ ಪರದೆ ನಲವತ್ತೊಂದು ಕೆಂಪು ಸಾಲು ತೋರಿಸಿದಾಗ ಇವಳೇ ಹೊಟ್ಟೆ ಹಿಡಿದು ನಕ್ಕವಳು, ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳ ಲೆಕ್ಕದ ನೋಟ್‌ಬುಕ್ಕಿನಲ್ಲಿ ನಾನು ಎಳೆದ ಕೆಂಪು ಗೆರೆಗಳೆಲ್ಲ ಒಟ್ಟಾಗಿ ತಿರುಗಿ ಬಂದಂತಿತ್ತು, ಕಣ್ಣು ಮುಚ್ಚಿ ಯಂತ್ರಕ್ಕೆ ಕೈ ಮುಗಿದೆ, ಅಕ್ಕೋರ, ಕೈ ಮುಗಿದ್ರ ಎರರ್ ಹೋಗಂಗಿಲ್ರಿ— ಅದು ಹೋಗದಿದ್ರ ಬಿಡಲಿ, ನನ್ನ ಸಿಟ್ಟರ ಹೋಗತೈತಿ, ಸಂಜೆಯ ಹೊತ್ತಿಗೆ ತಪ್ಪು ಸಿಕ್ಕಿತು, ಒಂದೇ ಒಂದು ಆವರಣ ಚಿಹ್ನೆ ಮುಚ್ಚಿರಲಿಲ್ಲ, ಒಂದನ್ನು ಮುಚ್ಚಿದೆ, ನಲವತ್ತೊಂದೂ ಮಾಯ, ಅಂದು ಬಸ್ಸಿನಲ್ಲಿ ತಳಕಲ್‌ವರೆಗೆ ಒಬ್ಬಳೇ ನಗುತ್ತಾ ಬಂದೆ, ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಬಾಗಿಲ ಹತ್ತಿರ ಅವನು ನಿಂತಿದ್ದಾನೆ, ಕಂಪನಿಯ ಒಡೆಯ, ನನ್ನ ಹಳೆಯ ವಿದ್ಯಾರ್ಥಿ, ಕೈಕಟ್ಟಿಕೊಂಡು, ಹತ್ತನೆಯ ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಇವನಿಗೆ ನಾನು ಇಟ್ಟ ಹೆಸರು ಹದಿನಾರು, ಹಾಜರಿ ಪುಸ್ತಕದಲ್ಲಿ ಇವನ ನಂಬರು ಹದಿನಾರು, ಇವನ ನಿಜವಾದ ಹೆಸರು ನಮ್ಮ ಮನೆಯವರ ಹೆಸರು, ಗಂಡನ ಹೆಸರನ್ನು ಬಾಯಿಂದ ಹೇಗೆ ಕರೆಯಲಿ, ಹದಿನೈದು ಗುರುಬಸವ, ಹಾಜರ್ರಿ, ಹದಿನಾರು— ಅಷ್ಟೇ, ಬರೀ ಹದಿನಾರು, ಹುಡುಗಿಯರು ಬಾಯಿಗೆ ಸೆರಗಿನಂತೆ ನೋಟ್‌ಬುಕ್ ಹಿಡಿದು ನಗುವರು, ಒಂದು ದಿನ ಇವನು ಎದ್ದು ನಿಂತು, ಅಕ್ಕೋರ, ನನಗ ಒಬ್ಬಾಂವಗ ಯಾಕ ಹೆಸರಿಲ್ರಿ? ಮನಿಗೆ ಹೋಗಿ ನಿಮ್ಮವ್ವನ್ನ ಕೇಳು ಹೋಗು, ಮರುದಿನ ಬಂದವನು ತಲೆ ತಗ್ಗಿಸಿ, ನಂಬರೇ ಛಲೋ ಐತ್ರಿ ಅಂದ, ಮೂರು ವರ್ಷ ಹದಿನಾರಕ್ಕೇ ಓಗೊಟ್ಟ, ಈಗಲೂ ಓಗೊಡುತ್ತಾನೆ. ನಮ್ಮ ಮನೆಯವರಿಗೆ ಇದನ್ನು ಹೇಳಿದಾಗ ಎಂಥ ನಗು, ರೊಟ್ಟಿಯ ತುತ್ತು ನೆತ್ತಿಗೇರುವಷ್ಟು, ಪಾಪ ಆ ಹುಡುಗನದೇನು ತಪ್ಪು, ನನ್ನ ಹೆಸರು ಇಟಗೊಂಡು ಕೆಟ್ಟ ನೋಡು. ಮದುವೆಯ ದಿನವೂ ಹೀಗೇ ನಕ್ಕಿದ್ದರು, ಆನೆಗೊಂದಿಯಿಂದ ಬಂದ ಸೊಸೆ ನಾನು, ಹೊಸ್ತಿಲಿಗೆ ಅಡ್ಡ ನಿಂತ ನಾದಿನಿ ಮಹೇಶ್ವರಿ, ಒಡಪು ಹಾಕಿ ಗಂಡನ ಹೆಸರ ಹೇಳಿದ್ರ ಒಳಗ, ಇಲ್ಲಾಂದ್ರ ಇಲ್ಲೇ ನಿಂದರು, ನನ್ನ ಅವ್ವ ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿದ್ದಳು— ಹೊಳಿ ತುಂಬ ನೀರು, ನೀರ ಮ್ಯಾಲ ತೆಪ್ಪ, ತೆಪ್ಪದಾಗ ಕೈ ಹಿಡಿದು ದಾಟಿಸಿದವರು ನಮ್ಮ ಮಾ— ಅಲ್ಲಿಗೆ ನಾಲಿಗೆ ಅಂಟಿಕೊಂಡಿತು, ಮಾ, ಮಾ, ನಾದಿನಿ, ಏನವ್ವ, ಕರುವಿನಂಗ ಮಾ ಮಾ ಅಂತೀಯಲ್ಲ, ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು, ಅವರು ಮೆಲ್ಲಗೆ, ಬಿಡಬೇ ತಂಗಿ, ಇವತ್ತಿಗೆ ಅರ್ಧ ಸಾಕು, ಉಳಿದದ್ದು ಆಮ್ಯಾಲ ಹೇಳ್ತಾಳ, ಮೂವತ್ತೆಂಟು ವರ್ಷ, ಆಮ್ಯಾಲ, ಆಮ್ಯಾಲ, ರೀ ಎಂದೆ, ಕೇಳಿದ್ರೇನು ಎಂದೆ, ನಾಗೇಶ ಹುಟ್ಟಿದ ಮೇಲೆ ನಾಗೇಶನ ಅಪ್ಪ ಎಂದೆ, ಉಳಿದ ಅರ್ಧಕ್ಕೆ ಅವಸರವೇನಿತ್ತು.

ಇದೇ ಕಿಟಕಿ, ಆಗ ನಾನು ಹೊರಗಡೆ ನಿಂತಿದ್ದೆ, ಇಂದು ಒಳಗಡೆ ಕುಳಿತಿದ್ದೇನೆ, ಎರಡೂವರೆ ವರ್ಷದ ಹಿಂದೆ ಗಾಡಿಯಿಂದ ಇಳಿಸಿ ನಮ್ಮ ಮನೆಯವರನ್ನು ಒಳಗೆ ಒಯ್ದರು, ಮೊದಲು ಯಾವ ಗುಳಿಗೆ ತಗೋತಿದ್ರು, ಹಳೇ ಫೈಲ್ ತರಸ್ರಿ, ಲಗೂನ ಎಂದರು ಡಾಕ್ಟರು, ಕಿಟಕಿಯಲ್ಲಿ ಚೀಟಿ ಬರೆಯುವ ಈ ಸುರೇಖಾಳೇ ಇದ್ದಳು, ಈಗ ನನ್ನ ಪಕ್ಕದಲ್ಲೇ ನಿಂತಿದ್ದಾಳೆ, ಪೇಷಂಟ್ ಹೆಸರೇನ್ರಿ? ಮಾ, ಎಂದೆ, ಅವಳು ಮಾ ಒತ್ತಿದಳು, ಗೆರೆ ಮಿಣುಕಿತು, ಆರಿತು, ಮುಂದ ಹೇಳ್ರಿ, ಮತ್ತೆ ಮಾ ಎಂದೆ, ಮುಂದ ಹೇಳ್ರಿ ಅಮ್ಮಾರ, ಗೆರೆ ಮಿಣುಕುತ್ತಲೇ ಇತ್ತು, ಕೊನೆಗೆ ಬಸ್ಸಿನ ಟಿಕೆಟ್ಟಿನ ಹಿಂದೆ ಬರೆದು ಕೊಟ್ಟೆ, ಒತ್ತಿದಳು, ಯಂತ್ರ ಇಂಥವರು ಯಾರೂ ಇಲ್ಲ ಎಂದಿತು, ಇಲ್ಲದೆ ಏನು, ಆರು ವರ್ಷ ಇಲ್ಲಿಗೇ ಬಂದವರು, ಆದರೆ ಹಿಂದೆ ಯಾರೋ ಒಂದು ದೀರ್ಘ ಹೆಚ್ಚಿಗೆ ಎಳೆದಿದ್ದರು, ಮತ್ಯಾರೋ ಒತ್ತು ಬಿಟ್ಟಿದ್ದರು, ಒಬ್ಬ ಮನುಷ್ಯ ಯಂತ್ರದೊಳಗೆ ಮೂರು ಮಂದಿಯಾಗಿ ಬೇರೆಬೇರೆ ಮನೆ ಮಾಡಿಕೊಂಡಿದ್ದ, ಅರ್ಧ ತಾಸು ಹುಡುಕಿದಳು, ಫೈಲು ಸಿಗುವಷ್ಟರಲ್ಲಿ— ಅದು ಮೊದಲ ಸಿಕ್ಕಿದ್ರೂ ಉಳೀತಿರಲಿಲ್ರಿ, ಎದಿ ಪೂರಾ ಕೈ ಬಿಟ್ಟಿತ್ತು ಎಂದರು ಡಾಕ್ಟರು, ಅವರು ಸುಳ್ಳು ಹೇಳುವವರಲ್ಲ, ಆದರೂ ಆ ಅರ್ಧ ತಾಸು ಯಂತ್ರದ್ದಾದರೆ ಅದಕ್ಕೆ ಮುಂಚಿನ ಮೂರು ನಿಮಿಷ ಯಾರದು, ಆ ಮೂರು ನಿಮಿಷ ನನ್ನ ನಾಲಿಗೆಯದು. ಅವರ ದಿನಕರ್ಮ ಮುಗಿದ ಮೇಲೆ ದೇವರ ಮುಂದೆ ಕುಳಿತು ಒಂದು ನೋಟ್‌ಬುಕ್ ತೆರೆದೆ, ಫಕೀರಮ್ಮ, ಪಕೀರಮ್ಮ, ಫಕೀರವ್ವ, ಒಬ್ಬಳೇ, ಹನುಮಣ್ಣ, ಹಣಮಣ್ಣ, ಒಬ್ಬನೇ, ಯಾವ ಅಕ್ಷರ ಯಾವುದಾಗಿ ತಿರುಗುತ್ತದೆ, ಒಂದೊಂದಕ್ಕೂ ಸೂತ್ರ, ಬೀಜಗಣಿತದ ಹಾಗೆ, ನಲವತ್ತು ಪುಟ, ಮಾತಾಡಿಸಲು ಬಂದ ಹದಿನಾರು ಚಹಾ ಆರಿ ತಣ್ಣಗಾಗುವವರೆಗೆ ಅದನ್ನೇ ಓದಿದ, ಅಕ್ಕೋರ, ಇದು ಪ್ರೋಗ್ರಾಮ್ ಐತ್ರಿ, ನಿಮಗ ಗೊತ್ತಿಲ್ಲ ಅಷ್ಟ— ಹುಚ್ಚಪ್ಪ, ನನಗೇನು ಬರತೈತಿ— ನನಗ ಸಮೀಕರಣ ಕಲಿಸೀರಿ, ನಾ ನಿಮಗ ಇದನ್ನ ಕಲಿಸ್ತೀನಿ, ಒಂದು ವರ್ಷ ಕಲಿತೆ, ಒಂದು ವರ್ಷ ದುಡಿದೆ, ಈ ವರ್ಷವೆಲ್ಲ ಪರೀಕ್ಷೆಗೆಂದು ಬೆರಳುಗಳು ಒತ್ತಿದ್ದು ಅವರ ಹೆಸರನ್ನೇ, ಸಾವಿರ ಸಲ ಒತ್ತಿರಬೇಕು, ಬೆರಳಿಗೆ ನಾಚಿಕೆಯಿಲ್ಲ, ಮೂರು ಮಂದಿಯೂ ಕೂಡಿ ಒಬ್ಬರಾದ ದಿನ ಮೇಘಾ ಕುರ್ಚಿಯ ಸಮೇತ ನನ್ನನ್ನು ಗಿರಗಿರ ತಿರುಗಿಸಿದಳು, ಯಂತ್ರದ ತಪ್ಪು ತಿದ್ದಿದೆ, ಆಂಜನೇಯಾ, ನನ್ನದು ಹಾಗೇ ಉಳಿದಿದೆ.

ಮೈಕ್ ಹತ್ತಿತ್ರಿ ಅಕ್ಕೋರ, ಇನ್ನ ಒತ್ತೂದ ಬ್ಯಾಡ, ಬಾಯಿಲೆ ಹೆಸರ ಹೇಳಿದ್ರ ಹುಡುಕತೈತಿ, ಮೇಘಾ ಮೊಣಕೈಯ ಧೂಳು ಒರೆಸುತ್ತಾ ಎದ್ದಳು, ಡಾಕ್ಟರು ಬಂದು ನಿಂತರು, ಫಕೀರಮ್ಮ ಅನ್ನೂಣೇನ್ರಿ ಎಂದಳು ಮೇಘಾ, ಸುರೇಖಾ ಬೇಡ ಎಂದು ತಲೆಯಾಡಿಸಿದಳು, ಅವಳ ದನಿ ಸಣ್ಣಗಾಗಿತ್ತು, ಅವತ್ತು ಸಿಗಲಾರದ ಹೆಸರ ಹೇಳ್ರಿ ಅಮ್ಮಾರ, ನಾ ಹುಡುಕಿ ಹುಡುಕಿ ಸಾಕಾದ ಹೆಸರು, ಅದು ಸಿಗೂದನ್ನ ನಾನೂ ನೋಡಬೇಕ್ರಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಮೈಕು ತುಟಿಯ ಹತ್ತಿರ, ಮಾ, ಎಂದೆ, ಪರದೆಯ ಮೇಲೆ ಮಾ ಮೂಡಿತು, ಅದರ ಮುಂದೆ ಗೆರೆ, ಮಿಣುಕಿತು, ಆರಿತು, ಅದೇ ಗೆರೆ, ಮುಂದ ಹೇಳ್ರಿ ಎಂದು ಇಂದು ಯಾರೂ ಅನ್ನಲಿಲ್ಲ, ಹೊಳಿ ತುಂಬ ನೀರು, ಮನಸ್ಸಿನೊಳಗೇ, ನೀರ ಮ್ಯಾಲ ತೆಪ್ಪ, ತೆಪ್ಪದಾಗ ಕೈ ಹಿಡಿದು, ಆಮ್ಯಾಲ ಹೇಳ್ತಾಳ ಎಂದಿದ್ದಿರಲ್ಲ, ರೀ, ಕೇಳ್ರಿ, ದಾಟಿಸಿದವರು ನಮ್ಮ— ಮಾರೆಪ್ಪ. ಎಷ್ಟು ಜೋರಾಗಿ ಬಂತು, ತರಗತಿಯ ಕೊನೆಯ ಬೆಂಚಿಗೆ ಕೇಳುವಷ್ಟು, ಬಾಗಿಲ ಹತ್ತಿರ ಹದಿನಾರರ ಕಟ್ಟಿದ ಕೈ ಬಿಚ್ಚಿತು, ಬೆನ್ನು ನೆಟ್ಟಗಾಯಿತು, ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮುಂಚೆಯೇ ಅವನ ಬಾಯಿಂದ, ಹಾಜರ್ರಿ ಅಕ್ಕೋರ, ಪರದೆಯ ಮೇಲೆ ಮೂರು ಸಾಲು, ಮೂರು ಕಾಗುಣಿತ, ಒಂದೇ ಊರು, ಒಬ್ಬರೇ ಅವರು, ಸುರೇಖಾ ಬಾಯಿಗೆ ಕೈ ಹಿಡಿದಿದ್ದಾಳೆ, ಹಾಜರ್ರಿ, ಮೇಲೆ ನಾನು ಹೇಳಿದ ಹೆಸರು, ಇಡಿಯ ಹೆಸರು, ಅದರ ಮುಂದೆ ಗೆರೆ, ಈಗ ಮಾ ದಾಟಿ, ಪ್ಪ ದಾಟಿ, ಆಚೆ ದಡದಲ್ಲಿ, ಮಿಣುಕಿತು, ಆರಿತು, ಮಿಣುಕಿತು