ಪೀಕ್ ಬಂತು ಮೇಷ್ಟ್ರೇ

ಮೇಷ್ಟ್ರು ಡಯಾಲಿಸಿಸ್‌ಗೆ ಒಪ್ಪಿದ್ದೇ ನಮ್ಮ ಪ್ರಯೋಗದ ಆಸೆಗೆ. "ಆ ಪೀಕ್ ಇದೆಯೋ ಇಲ್ವೋ ತಿಳಿಯೋ ತನಕ ಚುಚ್ಚಲಿ. ಆಮೇಲೆ ಒಂದು ದಿನಾನೂ ಬೇಡ," ಎಂದು ಹೆಂಡತಿಗೆ ಹೇಳಿಬಿಟ್ಟಿದ್ದರು.

ಮೂವತ್ತು ವರ್ಷದ ಹಿಂದೆ ಅವರು ಲೆಕ್ಕ ಹಾಕಿದ್ದರು: ಕಣ್ಣು ಮಿಟುಕಿಸುವುದರೊಳಗೆ ಸಾಯುವ ಒಂದು ನ್ಯೂಕ್ಲಿಯಸ್, ಉದ್ರೇಕಗೊಂಡರೆ, ಇಂತಿಷ್ಟೇ ಶಕ್ತಿಯ ಗಾಮಾ ಕಿರಣ ಬಿಡಬೇಕು, ಅದು ಅಳತೆಯ ನಕ್ಷೆಯಲ್ಲಿ ಒಂದು ಶಿಖರವಾಗಿ, ಪೀಕ್ ಆಗಿ, ಕಾಣಬೇಕು. ಬಿಟ್ಟರೆ ನಕ್ಷತ್ರಗಳಲ್ಲಿ ಚಿನ್ನ ಹುಟ್ಟುವ ಲೆಕ್ಕವೇ ಬದಲು. ಎಲ್ಲರೂ ನಕ್ಕಿದ್ದರು. ಅವರ ಕೊನೆಯ ವಿದ್ಯಾರ್ಥಿನಿ ನಾನು. ನಕ್ಕವರ ಬಾಯಿ ಮುಚ್ಚಿಸುವ ಹಟ ನನಗೂ ಇತ್ತು.

ವೇಗವರ್ಧಕ ಯಂತ್ರದಲ್ಲಿ ನಮಗೆ ಆರು ದಿನದ ಬೀಮ್, ಅಂದರೆ ಕಣಗಳ ಹರಿವು, ಸಿಕ್ಕಿತು. ನಾಲ್ಕನೆಯ ಮಧ್ಯಾಹ್ನ ಪರದೆಯ ಮೇಲೆ ಸೂಜಿಯಂಥ ಪೀಕ್, ಅವರು ಹೇಳಿದ ಜಾಗದಲ್ಲೇ! ಹಿಂದೆಮುಂದೆ ನೋಡದೆ ಫೋನ್ ಮಾಡಿದೆ.

"ಪೀಕ್ ಬಂತು ಮೇಷ್ಟ್ರೇ!"

ಆ ಕಡೆ ಅಳು. "ಸಾಕಮ್ಮ. ಇನ್ನು ಸಾಕು."

ಫೋನಿಟ್ಟ ಮೇಲೆ ವೇಗದ ತಿದ್ದುಪಡಿ ಹಾಕಿದೆ. ನಮ್ಮ ನ್ಯೂಕ್ಲಿಯಸ್ ಬೆಳಕಿನ ಮೂರನೇ ಒಂದು ಪಾಲು ವೇಗದಲ್ಲಿ ಓಡುವಂಥದ್ದು. ಓಡುತ್ತ ಬಿಟ್ಟ ಕಿರಣ ಪರದೆಯಲ್ಲಿ ಹರಡಿ ಕಾಣುತ್ತದೆ, ತಿದ್ದಿದ ಮೇಲೆಯೇ ಅದರ ಪೀಕ್ ಚೂಪಾಗಬೇಕು. ಇದು ಹರಡಿ ಮಾಯವಾಯಿತು. ಅಂದರೆ ಅದು ಬಂದದ್ದು ಬೀಮ್ ಹಾಯುವ, ಅಲ್ಲಾಡದೆ ನಿಂತ ಅಲ್ಯೂಮಿನಿಯಂ ಕೊಳವೆಯಿಂದ. ಮೊದಲ ವರ್ಷದವರೂ ತಿದ್ದದೆ ಬಾಯಿ ಬಿಡುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ನನ್ನಂಥವರಿಗೇ.

ಆಸ್ಪತ್ರೆಗೆ ಓಡಿದೆ. ಅವರು ಆಗಲೇ ಆ ದಿನದ ಡಯಾಲಿಸಿಸ್ ಬೇಡವೆಂದಿದ್ದರು. ಅವರ ಹೆಂಡತಿ ನನ್ನ ಮುಖ ನೋಡಿಯೇ ಬಾಗಿಲಿಗೆ ಅಡ್ಡ ನಿಂತರು.

"ಏನೂ ಹೇಳಬೇಡ ಕಣೇ. ತಿಂಗಳಾದ್ಮೇಲೆ ಇವತ್ತು ನಕ್ಕಿದ್ದಾರೆ. ನಗ್ತಾನೇ ಹೋಗ್ಲಿ ಬಿಡು."

"ಸುಳ್ಳು ನಂಬಿಕೊಂಡು ಸಾಯೋದಾ ಅಮ್ಮಾ?"

ಒಳಗೆ ಹೋಗಿ ಹೇಳಿಬಿಟ್ಟೆ. ಹಾಳು ಬಾಯಿ ನನ್ನದು.

"ಇನ್ನೂ ಎರಡು ದಿನ ಬೀಮ್ ಇದೆಯಲ್ಲ, ಇಲ್ಲೇನು ಮಾಡ್ತಿದ್ದೀಯ? ಹೋಗು," ಎಂದು ಮೇಷ್ಟ್ರು ಗದರಿ, ನರ್ಸ್ ಕಡೆಗೆ ತೋಳು ಚಾಚಿದರು.

ಎರಡು ದಿನವೂ ಏನೂ ಬರಲಿಲ್ಲ. ಬೀಮ್ ನಿಂತು ಮೂರು ವಾರ. ವಿಶ್ಲೇಷಣೆ ನಡೆಯುತ್ತಿದೆ ಎಂದು ಮೇಷ್ಟ್ರಿಗೆ ಹೇಳುತ್ತಿದ್ದೇನೆ. ಅದು ಮುಗಿದು ಎಷ್ಟೋ ದಿನವಾಯಿತು. ಪೀಕ್ ಇಲ್ಲ. ಹಾಗೆಂದು ಹೇಳಿದ ದಿನ ಅವರು ಯಂತ್ರ ಬಿಟ್ಟು, ಸೋತು ಸಾಯುತ್ತಾರೆ. ಹೇಳದಿದ್ದರೆ ವಾರಕ್ಕೆ ಮೂರು ಸಲ ನರಳುತ್ತಾರೆ. ಅಮ್ಮ ನನ್ನನ್ನು ಬಯ್ಯುವುದನ್ನೂ ಬಿಟ್ಟಿದ್ದಾರೆ.

ಇವತ್ತು ಮೇಷ್ಟ್ರೇ ಫೋನ್ ಮಾಡಿದರು. "ತೋಳಲ್ಲಿ ಚುಚ್ಚೋಕೆ ಇನ್ನು ಜಾಗ ಇಲ್ವಂತೆ ಕಣಮ್ಮ. ಕುತ್ತಿಗೆಗೆ ನಳಿಕೆ ಹಾಕ್ತಾರಂತೆ. ಹಾಕಿಸ್ಕೊಳ್ಳಲಾ?"

"ಹಾಕಿಸ್ಕೊಳ್ಳಿ ಮೇಷ್ಟ್ರೇ," ಎಂದೆ.